ಗೋಡೆ ಮೇಲಿನ ಕರಿ ಗೆರೆ

ಸಾವಂತ್ರೆವ್ವ ಎಂಬ ಹೆಣ್ಣುಮಗಳಿಗೆ ತನ್ನ ಮನೆ ಕಂಡರೆ ನಾಚಿಕೆ. ಊರವರೆಲ್ಲ ಅವಳನ್ನು ಸಾವಕ್ಕ ಅನ್ನುತ್ತಿದ್ದರು, ನಾವೂ ಹಾಗೇ ಅನ್ನೋಣ.

ಮನೆಯೇನು ಬಿದ್ದುಹೋಗುವಂಥದ್ದಲ್ಲ. ಅವಳ ಗಂಡ ಫಕೀರಪ್ಪನ ಅಜ್ಜ ಕಟ್ಟಿಸಿದ್ದು. ಮೊಳ ದಪ್ಪದ ಗೋಡೆ, ನಡುವೆ ಪಡಸಾಲೆ, ಪಡಸಾಲೆಗೂ ಅಡುಗೆಮನೆಗೂ ನಡುವೆ ಇನ್ನೊಂದು ಗೋಡೆ, ಹಿಂದೆ ಹಿತ್ತಲು, ಅದರ ಬಾಗಿಲ ಪಕ್ಕದಲ್ಲೇ ಬಚ್ಚಲು. ನೆಲಕ್ಕೆ ಹಾಸಿದ ಫರ್ಸಿ ಕಲ್ಲಿನಲ್ಲಿ ಒಂದು ನುಣುಪು, ಒಂದು ಒರಟು, ಒಂದು ಮೇಲೆ, ಒಂದು ಕೆಳಗೆ. ಗೋಡೆಯಲ್ಲಿ ನಾಲ್ಕು ಹೆಜ್ಜೆಗೊಂದು ದೀಪದ ಗೂಡು. ಇಷ್ಟು ಸಾಲದು ಅಂತ ಆ ಗೋಡೆಯ ಮೇಲೆ ಒಂದು ಕರಿ ಗೆರೆ. ತಲಬಾಗಿಲಲ್ಲಿ ಹೊರಟು, ಪಡಸಾಲೆಯ ಗೋಡೆ ಹಿಡಿದು, ಅಡುಗೆಮನೆಯ ಬಾಗಿಲಲ್ಲಿ ತಿರುಗಿ, ನೀರಿನ ಕೊಡಗಳ ಮುಂದೆ ಹಾದು, ಹಿತ್ತಲ ಬಾಗಿಲಿಗೆ ಹೋಗಿ ನಿಲ್ಲುತ್ತಿತ್ತು. ಸೊಂಟದ ಎತ್ತರ, ಅಂಗೈ ಅಗಲ. ವರ್ಷಾ ವರ್ಷಾ ಯುಗಾದಿಗೆ ಸಾವಕ್ಕ ಅದರ ಮೇಲೆ ಸುಣ್ಣ ಬಳಿಯುವಳು. ಎರಡು ತಿಂಗಳಾದರೆ ಗೆರೆ ಮತ್ತೆ ಹಾಜರು.

ಗೆರೆ ಯಾರದೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅತ್ತೆ ಬಾಳವ್ವನ ಕೈಯದು. ಬಾಳವ್ವನಿಗೆ ಎರಡೂ ಕಣ್ಣು ಹೋಗಿ ಮೂವತ್ತು ವರ್ಷ ಆಗಿತ್ತು. ಕಣ್ಣು ಹೋದವಳು ಮೂಲೆ ಹಿಡಿದಳು ಅಂತೀರಾ? ಇಲ್ಲ. ಹೂಬತ್ತಿ ಹೊಸೆಯುವಳು, ಕಡಲೆಕಾಯಿ ಒಡೆಯುವಳು, ಎಮ್ಮೆಗೆ ಮುಸುರೆ ಇಡುವಳು. ಮನೆಗೆ ಯಾರೇ ಬರಲಿ, ಅವರ ಚಪ್ಪಲಿ ಸಪ್ಪಳದಿಂದಲೇ ಗುರುತು ಹಿಡಿದು, ಒಳಗೆ ಹೋಗಿ, ತಾನೇ ತಂಬಿಗೆ ತುಂಬಿ, ಒಂದು ಚೂರು ಬೆಲ್ಲದ ಜೊತೆ ನೀರು ತಂದು ಕೊಡುವಳು. ಹನಿ ಚೆಲ್ಲುತ್ತಿರಲಿಲ್ಲ. "ಬಿಸಿಲಾಗ ಬಂದೀರಿ, ಮೊದಲ ಗಂಟಲಾ ಹಸಿ ಮಾಡ್ಕೋರಿ" ಅನ್ನುವಳು. ಫಕೀರಪ್ಪನದು ಹಿಟ್ಟಿನ ಗಿರಣಿ. ಮನೆಗೆ ಹತ್ತಿಕೊಂಡೇ ಇತ್ತು. ಬೀಸಲು ಬಂದವರು ಬಾಯಾರದಿದ್ದರೂ ಬಾಳವ್ವನ ನೀರು ಕುಡಿದೇ ಹೋಗುವರು.

ಅತ್ತೆ ಸೊಸೆ ಜಗಳ ಆಡುತ್ತಿರಲಿಲ್ಲ ಅಂತಲ್ಲ. ಆಡುವರು. ಸಂಜೆಯೊಳಗೆ ಒಂದೇ ತಟ್ಟೆಯಲ್ಲಿ ಚುರುಮುರಿ ತಿನ್ನುತ್ತ ಕೂಡುವರು. ಅಂಥವರು.

ಹೀಗಿರುವಾಗ ಸಾವಕ್ಕನ ಅಕ್ಕ ಗಿರಿಜಕ್ಕ ತಾಲೂಕಿನ ಊರಲ್ಲಿ ಹೊಸ ಮನೆ ಕಟ್ಟಿಸಿದಳು. ಅದರ ಫೋಟೋ ಮೊಬೈಲಿಗೆ ಕಳಿಸಿದಳು. ಅಲ್ಲಿಂದ ಸಾವಕ್ಕನಿಗೆ ಹುಚ್ಚೇ ಹಿಡಿಯಿತು. ಕಂಡ ಕಂಡ ಮನೆಯ ಚಿತ್ರ ಮೊಬೈಲಿನಲ್ಲಿ ಕೂಡಿಟ್ಟಳು. ಮಧ್ಯಾಹ್ನ ಕೂತು ಅತ್ತೆಗೆ ಒಂದೊಂದನ್ನೂ ಬಣ್ಣಿಸುವಳು.

"ಅತ್ತಿ, ಇದರಾಗ ಅಡಗಿಮನಿಗೆ ಗ್ವಾಡಿನ ಇಲ್ರಿ. ಅಡಗಿ ಮಾಡ್ಕೋತ ಪಡಸಾಲ್ಯಾಗ ಬಂದವರ ಕೂಡ ಮಾತಾಡಬಹುದು. ನೆಲಾ ಅಂತೂ ಕನ್ನಡಿ ಇದ್ದಂಗ ಐತಿ."

"ಹೌದೇನು?" ಅನ್ನುವಳು ಬಾಳವ್ವ. "ಜಾರಿ ಬಿದ್ದರ ನಮ್ಮ ಮಾರಿ ನಮಗ ಕಾಣತೈತಿ ಅನ್ನು."

ಇಬ್ಬರೂ ನಗುವರು.

ಕಡೆಗೆ ಫಕೀರಪ್ಪ ಒಪ್ಪಿದ. "ನಿನಗ ತಿಳದಂಗ ಮಾಡಿಸು. ದಿನಾ ಮನ್ಯಾಗ ಇರಾಕಿ ನೀನು" ಅಂದ. ದಿನಾ ಮನೆಯಲ್ಲಿ ಇರುವಾಕೆ ಇನ್ನೊಬ್ಬಳಿದ್ದಾಳೆ ಅನ್ನುವುದು ಅವನಿಗೂ ಹೊಳೆಯಲಿಲ್ಲ, ಇವಳಿಗೂ ಹೊಳೆಯಲಿಲ್ಲ. ಧೂಳಿಗೆ ಕೆಮ್ಮು ಬಂದೀತು ಅಂತ ಅಕ್ಕರೆಯಿಂದಲೇ ಬಾಳವ್ವನನ್ನು ಎರಡು ತಿಂಗಳ ಮಟ್ಟಿಗೆ ಮಗಳು ದ್ಯಾಮವ್ವನ ಊರಿಗೆ ಕಳಿಸಿದರು.

ಕೆಲಸಕ್ಕೆ ಬಂದ, ಗೋಡೆ ಕಟ್ಟುವ ಗೌಂಡಿ ಇಮಾಮಸಾಬ ಅದೇ ಊರಿನವನು. ಚಿಕ್ಕಂದಿನಿಂದ ಬಾಳವ್ವನ ಕೈನೀರು ಕುಡಿದವನು. ಗೋಡೆ ಒಡೆಯುವ ಮೊದಲ ದಿನ ಅವನು ಕರಿ ಗೆರೆಯ ಮುಂದೆ ನಿಂತುಬಿಟ್ಟ.

"ಅಕ್ಕಾರ, ಇದನ್ನ ತಗದಬಿಡೋದೇನ್ರಿ?"

"ತಗೀಲಿ ಅಂತನ ನಿಮ್ಮನ್ನ ಕರಿಸಿದ್ದು ಇಮಾಮಣ್ಣ. ಬಂದವರೆಲ್ಲಾ ಮೊದಲ ಅದನ್ನ ನೋಡತಾರ."

"ಅಲ್ರಿ, ಅವ್ವಾರನ್ನ ಒಂದು ಮಾತು ಕೇಳಿದ್ರ..."

ಸಾವಕ್ಕ ದನಿ ತಗ್ಗಿಸಿದಳು. "ಅವರಿಗೆ ಏನು ಕಾಣತೈತಿ ಹೇಳ್ರಿ? ಯಾವ ಬಣ್ಣ ಬೇಕು, ಯಾವ ನೆಲಾ ಬೇಕು ಅಂತ ಕಣ್ಣಿಲ್ಲದವರನ್ನ ಕೇಳಿದ್ರ ಅವರ ಮನಸ್ಸಿಗೆ ಎಷ್ಟು ನೋವಾಗಬಾರದು. ಬ್ಯಾಡ."

ನೋಡಿ, ಅವಳ ತಪ್ಪು ಇಷ್ಟೇ. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ನೋವಾದೀತು ಅಂತ ಕೇಳದೇ ಹೋದಳು. ಇಮಾಮಸಾಬನೂ ಸುತ್ತಿಗೆ ಎತ್ತಿಕೊಂಡ.

ನಡುಗೋಡೆ ಬಿತ್ತು. ದೀಪದ ಗೂಡುಗಳಿಗೆ ಇಟ್ಟಿಗೆ ತುಂಬಿ ಸಿಮೆಂಟಿನ ಗಿಲಾವು ಬಳಿದರು. ಫರ್ಸಿ ಕಿತ್ತು ಹಿತ್ತಲಲ್ಲಿ ಒಟ್ಟಿದರು, ಆ ಜಾಗಕ್ಕೆ ಬಿಳಿ ಟೈಲ್ಸ್ ಬಂದವು. ತಲಬಾಗಿಲಲ್ಲಿ ನಿಂತರೆ ಹಿತ್ತಲು ಕಾಣಬೇಕು ಅಂತ ಗಿರಿಜಕ್ಕ ಹೇಳಿದ್ದಕ್ಕೆ ಹಿಂದಿನ ಬಾಗಿಲನ್ನು ಎರಡು ಮಾರು ಸರಿಸಿದರು. ಅಡುಗೆಗೆ ಕಪ್ಪು ಗ್ರಾನೈಟಿನ ಕಟ್ಟೆ, ಅದರ ಕೆಳಗೆ ಸಾಲಾಗಿ ಕಪಾಟು. ಎಲ್ಲಾ ಮುಗಿದಾಗ ಸಾವಕ್ಕ ನಡುಮನೆಯಲ್ಲಿ ನಿಂತು ಒಂದು ಸುತ್ತು ತಿರುಗಿ ನೋಡಿದಳು. ಎಂದೂ ಇಲ್ಲದ ಬೆಳಕು. ಕಣ್ಣು ತುಂಬಿ ಬಂತು. ಮುಂದಿನ ತಿಂಗಳ ಮೊದಲ ಸೋಮವಾರಕ್ಕೆ ವಾಸ್ತುಶಾಂತಿ, ಊರಿಗೆಲ್ಲ ಹೋಳಿಗೆ ಊಟ ಅಂತ ಗೊತ್ತುಮಾಡಿದರು. ಅದಕ್ಕೆ ಇಪ್ಪತ್ತು ದಿನ ಮುಂಚೆ ಬಾಳವ್ವನನ್ನು ಕರೆತಂದರು.

ಬಾಳವ್ವ ಹೊಸ್ತಿಲು ದಾಟಿ, ರೂಢಿಯಂತೆ ಬಲಗೈ ಚಾಚಿದಳು. ಗೋಡೆ ಸಿಕ್ಕಿತು, ನುಣ್ಣಗೆ. ನಾಲ್ಕು ಹೆಜ್ಜೆ ನಡೆದಳು, ಗೂಡು ಸಿಗಲಿಲ್ಲ. ಮತ್ತೆ ನಾಲ್ಕು ಹೆಜ್ಜೆ. ಈಗ ಗೋಡೆಯೂ ಮುಗಿದು ಅವಳ ಕೈ ಗಾಳಿಯಲ್ಲಿ ನಿಂತಿತು.

ಸಾವಕ್ಕ ಆ ಕೈ ಹಿಡಿದುಕೊಂಡು ಮನೆಯೆಲ್ಲ ತಿರುಗಿಸಿದಳು. "ಇದು ಗ್ರಾನೈಟ್ರಿ ಅತ್ತಿ, ಮುಟ್ಟಿ ನೋಡ್ರಿ. ಇದು ಕಪಾಟ. ಹೆಂಗಾಗೇತಿ?"

"ತಣ್ಣಗೈತಿ" ಅಂದಳು ಬಾಳವ್ವ. ಆಮೇಲೆ, "ಚಲೋ ಆಗೇತಿ ಯವ್ವಾ. ನಿನ್ನ ಆಸೆ ಕೈಗೂಡಿತು."

ಆವತ್ತು ತಲಬಾಗಿಲ ಪಕ್ಕದ ಮಂಚದ ಮೇಲೆ ಕೂತವಳು ಅಲ್ಲಿಂದ ಏಳುವುದೇ ಅಪರೂಪವಾಯಿತು. ಬೆಳಿಗ್ಗೆ ಒಮ್ಮೆ, ಕತ್ತಲಾಗುವ ಮುಂಚೆ ಒಮ್ಮೆ ಸಾವಕ್ಕನ ಕೈ ಹಿಡಿದು ಬಚ್ಚಲಿಗೆ ಹೋಗಿ ಬರುವಳು, ಅಷ್ಟೇ. ಬೀಸಲು ಬಂದವರು, "ಬಾಳವ್ವಾ, ಇವತ್ತ ನೀರು ಇಲ್ಲೇನು?" ಅಂದರೆ, "ಸೊಸಿ ಕೊಡತಾಳ್ರಿ" ಅನ್ನುವಳು. ಸಾವಕ್ಕ ಹೊಸ ತಟ್ಟೆಯಲ್ಲಿ ಗಾಜಿನ ಲೋಟ ಇಟ್ಟು ತಂದು ಕೊಡುವಳು. ಅವರು ಕುಡಿಯುವರು, ಮನೆ ಹೊಗಳುವರು, ಹೋಗುವರು. ಜಾಸ್ತಿ ಹೊತ್ತು ಯಾರೂ ಕೂಡಲಿಲ್ಲ.

ಸಾವಕ್ಕನನ್ನು ಚುಚ್ಚಿದ್ದು ಚಹಾದ ಸಂಗತಿ. ಬಾಳವ್ವನಿಗೆ ದಿನಕ್ಕೆ ನಾಲ್ಕು ಸಲ ಚಹಾ ಆಗಬೇಕಿತ್ತು. ಈಗ ಕೊಟ್ಟರೆ, "ಬ್ಯಾಡವಾ, ಸೇರವಲ್ದು" ಅನ್ನತೊಡಗಿದಳು. ಊಟದಲ್ಲಿ ಸಾರು ಬಿಟ್ಟಳು, ಮಜ್ಜಿಗೆ ಬಿಟ್ಟಳು. ಒಣ ರೊಟ್ಟಿ, ಚಟ್ನಿ. ಅತ್ತೆ ಮುನಿಸಿಕೊಂಡಿದ್ದಾಳೆ ಅಂತ ಸಾವಕ್ಕ ತಿಳಿದಳು. ಹಳೇ ಮನೆ ಒಡೆದದ್ದು ಆಕೆಗೆ ಸರಿಬಂದಿಲ್ಲ, ಬಾಯಲ್ಲಿ ಅನ್ನದೆ ಹೀಗೆ ತೋರಿಸುತ್ತಿದ್ದಾಳೆ ಅಂದುಕೊಂಡಳು. ತಾನೂ ಬಿಗಿದುಕೊಂಡಳು. ಮಧ್ಯಾಹ್ನದ ಮಾತು ನಿಂತಿತು.

ವಾಸ್ತುಶಾಂತಿಗೆ ಒಂದು ವಾರ ಇತ್ತು. ಬಾಳವ್ವ, "ನನ್ನ ದ್ಯಾಮಿ ಮನಿಗೆ ಕಳಿಸಿಬಿಡು" ಅಂದಳು.

"ಶಾಂತಿ ಮುಗಿಸಿ ಹೋಗೀರಂತ."

"ಇಲ್ಲವಾ. ಈಗ ಹೋಗತೀನಿ. ಮತ್ತ ಬರಂಗಿಲ್ಲ. ಅಲ್ಲೇ ಇರತೀನಿ."

ಸಾವಕ್ಕನಿಗೆ ಸಿಟ್ಟು ಬಂತು. "ಎರಡು ತಿಂಗಳು ಧೂಳು ತಿಂದು ಮನಿ ಮಾಡಿಸೇನಿ. ನೀವು ಒಂದು ದಿನಾ ಬಾಯಿತುಂಬ ನಕ್ಕಿಲ್ಲ. ಈಗ ಹೋಗತೀನಿ ಅಂತೀರಿ. ಮನಿ ಹೊಸದು ಮಾಡಿ ಅತ್ತಿನ್ನ ಹೊರಗ ಹಾಕಿದ್ಲು ಅಂತ ಊರಾಗ ಅಂತಾರ. ಅನ್ನಲಿ ಅಂತನ ಏನ್ರಿ ನಿಮ್ಮ ಮನಸ್ಸಿನಾಗ?"

"ಯಾರು ಏನರ ಅನ್ಲಿ. ನೀ ನನ್ನ ಹೊರಗ ಹಾಕಿಲ್ಲ. ನಾ ಹೇಳತೀನಿ ಅವರಿಗೆ" ಅಂದಳು ಬಾಳವ್ವ. ಫಕೀರಪ್ಪ ಬಂದು ಕೇಳಿದಾಗಲೂ, "ಮಗಳ ನೆಪ್ಪಾಗೇತಿ" ಅಂತಷ್ಟೇ ಅಂದಳು. ಮರುದಿನ ಮಧ್ಯಾಹ್ನದ ಬಸ್ಸಿಗೆ ಹೊರಡುವುದೆಂದಾಯಿತು. ನಾಲ್ಕು ಸೀರೆ ಚೀಲಕ್ಕೆ ತುಂಬಿದ್ದೂ ಆಯಿತು.

ಮರುದಿನ ಬೆಳಿಗ್ಗೆ ಸಾವಕ್ಕ ಹಿತ್ತಲಲ್ಲಿ ಎಮ್ಮೆಗೆ ಮೇವು ಹಾಕಿ ಒಳಗೆ ಬಂದಳು. ಬಾಗಿಲಲ್ಲೇ ಇಮಾಮಸಾಬ ನಿಂತಿದ್ದ. ಉಳಿದ ಚೂರುಪಾರು ಕೆಲಸಕ್ಕೆ ಬಂದವನು. ಅವಳನ್ನು ಕಂಡು, ಮಾತಾಡಬೇಡಿ ಅನ್ನುವಂತೆ ಕೈ ಎತ್ತಿದ. ಅವನು ನೋಡುತ್ತಿದ್ದ ಕಡೆ ಅವಳೂ ನೋಡಿದಳು.

ಬಾಳವ್ವ ನಡುಮನೆಯಲ್ಲಿ ನಿಂತಿದ್ದಳು. ಎರಡೂ ಕೈ ಮುಂದಕ್ಕೆ ಚಾಚಿದ್ದಳು. ಒಂದು ಸಲ ಬಲಕ್ಕೆ ತಿರುಗಿದಳು, ಒಂದು ಸಲ ಎಡಕ್ಕೆ. ಹಿಡಿಯಲು ಏನೂ ಇರಲಿಲ್ಲ. ಎರಡು ಹೆಜ್ಜೆ ಇಟ್ಟಳು, ಕಪಾಟಿಗೆ ಮೊಣಕಾಲು ತಾಗಿತು. ಅದನ್ನೇ ಹಿತ್ತಲ ಬಾಗಿಲೆಂದು ತಿಳಿದು ತಳ್ಳಿದಳು, ತಟ್ಟಿ ನೋಡಿದಳು, ಅಲ್ಲವೆಂದು ಗೊತ್ತಾಗಿ ಸುಮ್ಮನೆ ನಿಂತಳು. ಆಮೇಲೆ ಮೆಲ್ಲಗೆ ನೆಲಕ್ಕೆ ಕೂತಳು. ಕೂಸಿನ ಹಾಗೆ ಅಂಬೆಗಾಲಿಡುತ್ತ ಟೈಲ್ಸ್ ಸಂದುಗಳನ್ನು ಬೆರಳಿನಿಂದ ತಡವತೊಡಗಿದಳು. ಯಾವುದಾದರೂ ಒಂದು ಒರಟು ಕಲ್ಲು, ಮೇಲೆದ್ದ ಅಂಚು ಸಿಕ್ಕೀತೇ ಅಂತ. ಎಲ್ಲವೂ ಒಂದೇ ಸಮ.

ಮದುವೆಯಾಗಿ ಬಂದ ದಿನ ಇದೇ ಬಾಳವ್ವ ಸಾವಕ್ಕನ ಕೈ ಹಿಡಿದು ಮನೆ ತೋರಿಸಿದ್ದಳು. "ಇಲ್ಲಿ ನಾಕ ಹೆಜ್ಜಿ, ಗೂಡು ಬಂತು. ಒರಟ ಕಲ್ಲು ತುಳದಿ ಅಂದ್ರ ಅಡಗಿಮನಿ. ನೋಡು, ಕಣ್ಣ ಮುಚ್ಚಿ ತಿರುಗಬಹುದು ಇಲ್ಲಿ" ಅಂದು ನಕ್ಕಿದ್ದಳು. ಆಗ ಇವಳೂ ನಕ್ಕಿದ್ದಳು. ಈಗ ಓಡಿಹೋಗಿ ಅತ್ತೆಯನ್ನು ಎಬ್ಬಿಸಿ ಬಚ್ಚಲಿಗೆ ಕರೆದೊಯ್ದಳು.

ಅತ್ತೆಯನ್ನು ಮಂಚದ ಮೇಲೆ ಕೂಡಿಸಿ ಬಂದಾಗ ಇಮಾಮಸಾಬ ಗಾರೆ ಬಳಿಯುವ ಕರಣೆ ಕೆಳಗಿಟ್ಟ. "ಅದು ಹೊಲಸಾಗಿದ್ದಿಲ್ರಿ ಅಕ್ಕಾರ. ಅವ್ವಾರ ದಾರಿ ಅದು. ಇನ್ನೊಂದ ಸಲ ಹೇಳಬೇಕಿತ್ತು ನಾನು. ಕೆಲಸಾ ಕೈ ತಪ್ಪೀತು ಅಂತ ಸುಮ್ಮನಾದೆ."

ಸಾವಕ್ಕ ತಲಬಾಗಿಲಿಗೆ ಹೋದಳು. ಸೆರಗಿನಿಂದ ಕಣ್ಣು ಕಟ್ಟಿಕೊಂಡು, ಅಲ್ಲಿಂದ ನೀರಿನ ಕೊಡ ಹುಡುಕುತ್ತ ಹೊರಟಳು. ತಾನೇ ಚಿತ್ರ ನೋಡಿ ನೋಡಿ ಮಾಡಿಸಿದ ಮನೆ. ಆರು ಹೆಜ್ಜೆಗೆ ದಿಕ್ಕು ತಪ್ಪಿತು. ಅತ್ತಿತ್ತ ತಿರುಗಿ, ಬಾಗಿಲ ಪಕ್ಕದ ಮಂಚದ ಕಾಲನ್ನೇ ಎಡವಿ ಬಿದ್ದಳು. ಬಿದ್ದಲ್ಲೇ ಕೂತು ಸೆರಗು ಬಿಚ್ಚಿ ಅತ್ತಳು.

ಬಾಳವ್ವ ದನಿ ಕೇಳಿ, "ಯಾಕ, ಏನಾತು?" ಅಂದಳು.

"ಅತ್ತಿ, ಚಾ ಯಾಕ ಬಿಟ್ರಿ?"

"ಕುಡದ್ರ ಎದ್ದು ಹೋಗಬೇಕಲ್ಲವಾ."

"ನನ್ನ ಕರೀಬೇಕಿಲ್ರಿ?"

"ದಿನಕ್ಕ ಎಷ್ಟ ಸಲ ಕರೀಲಿ? ನೀ ಬಂದು ನಿಂತೀ ಅಂದ್ರ ರೊಟ್ಟಿ ಹೊತ್ತತಾವ. ಮೂವತ್ತು ವರ್ಷ ಯಾರನ್ನೂ ಕರದಿಲ್ಲ ನಾನು. ಈಗ ಕರೀಬೇಕಂದ್ರ ನನಗ ಮತ್ತೊಮ್ಮೆ ಕಣ್ಣು ಹೋದಂಗ ಆಗೇತಿ."

"ಬಾಯಿ ಬಿಟ್ಟು ಹೇಳಬೇಕಿಲ್ರಿ ಅತ್ತಿ."

"ಹೆಂಗ ಹೇಳಲಿ? ಆ ಮೊಬೈಲಿನಾಗಿನ ಚಿತ್ರ ಹೇಳುವಾಗ ನಿನ್ನ ದನಿಯಾಗ ಎಷ್ಟ ಹಿಗ್ಗಿತ್ತು. ಅದು ಮಾಯ ಆಗತಿತ್ತಲ್ಲ."

ಸಾವಕ್ಕ ಮೂಗು ಒರೆಸಿಕೊಂಡು ಎದ್ದಳು. ಮೊದಲು ಮಾಡಿದ ಕೆಲಸ ಅಂದರೆ ಚೀಲದ ಸೀರೆ ತೆಗೆದು ಗೂಟಕ್ಕೆ ಹಾಕಿದ್ದು. ಆಮೇಲೆ, "ಇಮಾಮಣ್ಣ, ಗ್ವಾಡಿ ಮತ್ತ ಕಟ್ರಿ. ಮೊದಲ ಹೆಂಗಿತ್ತು ಹಂಗ" ಅಂದಳು.

"ಬ್ಯಾಡ ಬ್ಯಾಡ" ಅಂದಳು ಬಾಳವ್ವ. "ಆ ಅಡಗಿಮನ್ಯಾಗ ನಿನಗ ಬೆಳಕ ಇದ್ದಿಲ್ಲ. ಒಗ್ಗರಣಿ ಹೊಗಿಗೆ ಕೆಮ್ಮಿ ಕೆಮ್ಮಿ ಸಾಯತಿದ್ದಿ. ಈಗ ಗಾಳಿ ಆಡತೈತಿ, ನನಗೂ ಗೊತ್ತಾಗತೈತಿ. ಗ್ವಾಡಿ ನಿನ್ನ ಕಣ್ಣಿಗೆ ಬ್ಯಾಡ, ನನ್ನ ಕೈಗೆ ಬೇಕು. ನನ್ನ ಕೈ ಎಷ್ಟ ಎತ್ತರ ಐತಿ ಅಷ್ಟ ಕಟ್ಟರಿ."

ಇಮಾಮಸಾಬ ಸಾವಕ್ಕನ ಮುಖ ನೋಡಿದ. ಸಾವಕ್ಕ ಅವನ ಮುಖ ನೋಡಿದಳು. ಅವಳು ಮೊಬೈಲಿನಲ್ಲಿ ಕೂಡಿಟ್ಟ ಇನ್ನೂರು ಚಿತ್ರಗಳಲ್ಲಿ ಒಂದರಲ್ಲೂ ಇದು ಇರಲಿಲ್ಲ.

ಕೆಲಸ ಅವತ್ತೇ ಶುರುವಾಯಿತು. ನಡುಗೋಡೆ ಇದ್ದ ಜಾಗದಲ್ಲಿ ಸೊಂಟದ ಎತ್ತರಕ್ಕೆ ಅರ್ಧ ಗೋಡೆ ಎದ್ದಿತು. ಹಿತ್ತಲಲ್ಲಿ ಬಿದ್ದಿದ್ದ ಹಳೇ ತೊಲೆಯನ್ನು ಸೀಳಿಸಿ, ಉಜ್ಜಿಸಿ, ಎಣ್ಣೆ ಕುಡಿಸಿ, ಅದರ ಪಟ್ಟಿಯನ್ನು ತಲಬಾಗಿಲಿಂದ ಹಿತ್ತಲ ಬಾಗಿಲ ತನಕ ಗೋಡೆಯುದ್ದಕ್ಕೂ ಹೊಡೆದರು. ಈ ಸಲ ಬಾಳವ್ವ ಮಗಳ ಊರಿಗೆ ಹೋಗಲಿಲ್ಲ. ಮೂಗಿಗೆ ಸೆರಗು ಕಟ್ಟಿಕೊಂಡು ಇಮಾಮಸಾಬನ ಬೆನ್ನ ಹಿಂದೆಯೇ ನಿಂತಳು.

"ಇನ್ನ ಎರಡು ಬೆರಳ ಕೆಳಗ ಹಚ್ಚು ತಮ್ಮಾ. ನಾ ಮುದುಕಿ ಆಗೇನಿ, ಇನ್ನೂ ಬಾಗತೀನಿ."

"ಅವ್ವಾರ, ಮೊದಲ ಹೇಳಿದ್ರ ಮೊಬೈಲಿನ ಚಿತ್ರಾ ಯಾಕ ನೋಡತಿದ್ವಿ, ನಿಮ್ಮನ್ನ ಕೇಳತಿದ್ವಿ."

"ನೀವು ಕೇಳ್ಲಿಲ್ಲ, ನಾ ಹೇಳಲಿಲ್ಲ. ಲೆಕ್ಕ ಸಮ ಆತು, ಮೊಳಿ ಹೊಡಿ."

ಅಡುಗೆಮನೆ ತಿರುಗುವಲ್ಲಿ, ಬಚ್ಚಲ ಮುಂದೆ, ಹಿತ್ತಲ ಬಾಗಿಲಲ್ಲಿ ಒಂದೊಂದು ಟೈಲ್ ಎಬ್ಬಿಸಿ ಹಳೇ ಒರಟು ಫರ್ಸಿ ಕೂಡಿಸಿದರು. ನೀರಿನ ಕೊಡದ ಮೇಲಿನ ಗೂಡನ್ನು ಮತ್ತೆ ತೆರೆದು ಬೆಲ್ಲದ ಡಬ್ಬಿ ಇಟ್ಟರು. ಹಿತ್ತಲ ಬಾಗಿಲಿಗೆ ಎಮ್ಮೆಯ ಕೊರಳಿನ ಹಳೇ ಗಂಟೆಯೊಂದನ್ನು ಕಟ್ಟಿದಳು ಸಾವಕ್ಕ. ಗಾಳಿಗೆ ಅದು ಕಿಣಿಕಿಣಿ ಅಂದರೆ ಬಾಗಿಲು ಎಲ್ಲಿದೆ ಅಂತ ತಿಳಿಯಬೇಕಲ್ಲ. ಫಕೀರಪ್ಪ ಗಿರಣಿಯಿಂದ ಬಂದು ಮನೆ ನೋಡಿ, ಮೈಮೇಲಿನ ಹಿಟ್ಟನ್ನೂ ಕೊಡವದೆ ಪಟ್ಟಿಯ ಮೇಲೆ ಕೈಯಾಡಿಸುತ್ತ ಒಂದು ಸುತ್ತು ಹೋದ. ಅದರ ಮೇಲೆ ಹಿಟ್ಟಿನ ಗೆರೆ ಮೂಡಿತು. ಯಾರೂ ಅದನ್ನು ಒರೆಸಲಿಲ್ಲ.

ಸೋಮವಾರ ಬಂತು. ಮನೆ ತುಂಬ ಜನ. ಗಿರಿಜಕ್ಕನೂ ಬಂದಳು. ಬಂದವಳೇ ಗೋಡೆ ನೋಡಿ ತಂಗಿಯ ಕಿವಿಯಲ್ಲಿ ಅಂದಳು, "ಅಲ್ಲ ಸಾವೀ, ಇಷ್ಟ ಬೆಳ್ಳನ ಗ್ವಾಡಿಗೆ ಆ ಹಳೇ ಕಟಿಗಿ ಯಾಕ ಬಡದಿ? ನಡುವ ಇದೊಂದು ಮೋಟು ಗ್ವಾಡಿ. ಇದು ಯಾವ ಡಿಸೈನು?"

ಮೊದಲಾಗಿದ್ದರೆ ಸಾವಕ್ಕ ನಾಚಿ ಹಿಡಿಯಾಗುತ್ತಿದ್ದಳು. ಈಗ ಅಂದಳು, "ಕೂಡು ಅಕ್ಕಾ, ಈಗ ಗೊತ್ತಾಗತೈತಿ."

ಅಷ್ಟರಲ್ಲಿ ಮಂಚದ ಮೇಲಿದ್ದ ಬಾಳವ್ವ ತಲೆ ಎತ್ತಿದಳು. "ಗಿರಿಜವ್ವನ ಚಪ್ಪಲಿ ಸಪ್ಪಳ ಅಲ್ಲೇನು ಅದು?" ಎದ್ದಳು. ಬಲಗೈ ಪಟ್ಟಿಯ ಮೇಲಿಟ್ಟಳು. ಜನ ದಾರಿ ಬಿಟ್ಟರು. ನಾಲ್ಕು ಹೆಜ್ಜೆ, ಮತ್ತೆ ನಾಲ್ಕು. ಅರ್ಧ ಗೋಡೆಯ ತುದಿಯಲ್ಲಿ ಬರಿಗಾಲಿಗೆ ಒರಟು ಕಲ್ಲು ಸಿಕ್ಕಿತು, ತಿರುಗಿದಳು. ಗೂಡಿನಿಂದ ಬೆಲ್ಲ, ಕೊಡದಿಂದ ನೀರು. ತುಂಬಿದ ತಂಬಿಗೆ ಹಿಡಿದು ಬಂದ ದಾರಿಯಲ್ಲೇ ಮರಳಿದಳು. ಅಷ್ಟು ಜನ ಇದ್ದ ಮನೆಯಲ್ಲಿ ಗಂಟೆಯ ಕಿಣಿಕಿಣಿ ಒಂದೇ ಕೇಳುತ್ತಿತ್ತು.

"ಬಿಸಿಲಾಗ ಬಂದಿ" ಅಂದಳು ಬಾಳವ್ವ. "ಮೊದಲ ಗಂಟಲಾ ಹಸಿ ಮಾಡ್ಕೋ."

ಹನಿ ಚೆಲ್ಲಿರಲಿಲ್ಲ. ಗಿರಿಜಕ್ಕ ನೀರು ಕುಡಿದಳು. ಡಿಸೈನಿನ ಮಾತು ಮತ್ತೆ ಎತ್ತಲಿಲ್ಲ. ಊಟ ಮುಗಿಸಿ ಹೊರಡುವಾಗ ತನಗೇ ಗೊತ್ತಿಲ್ಲದೆ ಪಟ್ಟಿಯ ಮೇಲೆ ಕೈಯಾಡಿಸುತ್ತ ಬಾಗಿಲ ತನಕ ನಡೆದಳು. ಸಾವಕ್ಕ ಅದನ್ನು ನೋಡಿ ಒಳಗೊಳಗೇ ನಕ್ಕು ಒಲೆಯ ಕಡೆ ಹೋದಳು. ಅತ್ತೆಯ ಎರಡನೇ ಚಹಾದ ಹೊತ್ತಾಗಿತ್ತು.

ಮರುವರ್ಷ ಯುಗಾದಿ ಬಂತು. ಸಾವಕ್ಕ ಮನೆಯೆಲ್ಲ ತೊಳೆದಳು, ಗೋಡೆ ಒರೆಸಿದಳು, ಕಿಟಕಿ ಉಜ್ಜಿದಳು. ತೊಲೆಯ ಪಟ್ಟಿ ಅಷ್ಟರಲ್ಲಿ ಕೈ ಹತ್ತಿ ಹತ್ತಿ ಕಪ್ಪಗೆ ಮಿಂಚುತ್ತಿತ್ತು. ಅದರ ಹತ್ತಿರ ಬಂದಾಗ ಅವಳ ಕೈಯಲ್ಲಿ ಒದ್ದೆ ಬಟ್ಟೆ ಇತ್ತು. ಒಂದು ಗಳಿಗೆ ನಿಂತಳು. ಬಟ್ಟೆ ಹಿಂಡಿ ಬದಿಗಿಟ್ಟು, ಅಂಗೈಗೆ ನಾಲ್ಕು ಹನಿ ಎಣ್ಣೆ ಹಾಕಿಕೊಂಡು, ಆ ತುದಿಯಿಂದ ಈ ತುದಿಯ ತನಕ ಸವರುತ್ತ ನಡೆದಳು.

ನೀತಿ: ಮನೆ ಚೆಂದ ಮಾಡುವುದು ತಪ್ಪಲ್ಲ, ಮಕ್ಕಳೇ. ಆದರೆ ಬಂದು ಹೋಗುವವರ ಕಣ್ಣಿಗಿಂತ ಮುಂಚೆ, ಅಲ್ಲೇ ಬದುಕುವವರ ಕೈಕಾಲಿಗೆ ಅದು ಹೊಂದಬೇಕು. ನಮಗೆ ಹೊಲಸಾಗಿ ಕಂಡದ್ದು ಇನ್ನೊಬ್ಬರಿಗೆ ದಾರಿಯಾಗಿರಬಹುದು. ಅಳಿಸುವ ಮುಂಚೆ ಒಂದು ಮಾತು ಕೇಳಿ. ನಿಮಗೆ ಕಷ್ಟವಾದರೆ ನೀವೂ ಬಾಯಿಬಿಟ್ಟು ಹೇಳಿ.